ಬಡ್ಡಿ, ಹಿತ, ಆಸಕ್ತಿ: ‘ಇಂಟರೆಸ್ಟ್’ ಎಂಬ ಪದದ ನಾನಾರ್ಥ ವಿಮರ್ಶೆ

೧

ಒಂದು ಭಾಷೆಯ ಪದವೊಂದಕ್ಕೆ ಇನ್ನೊಂದು ಭಾಷೆಯಲ್ಲಿ ಸರಿಸಮಾನವಾದ ಒಂದೇ ಪದವು ದೊರೆಯುವುದು ಅಪರೂಪವೆಂಬುದು ಭಾಷಾಂತರದಲ್ಲಿ ಕೈಯಾಡಿಸಿದವರಿಗೆಲ್ಲ ವಿದಿತವಾದ ಸಂಗತಿಯೇ. ಆದರೆ ನಿತ್ಯವ್ಯವಹಾರದ ಅವಸರದಲ್ಲಿ ಈ ಅರಿವು ಎಷ್ಟು ಸುಲಭವಾಗಿ ಮರೆತುಹೋಗುತ್ತದೆಂಬುದಕ್ಕೆ ‘ಇಂಟರೆಸ್ಟ್’ ಎಂಬ ಇಂಗ್ಲಿಷ್ ಪದವು ಒಳ್ಳೆಯ ನಿದರ್ಶನವಾಗಿದೆ. ನಮ್ಮ ಕೈಗೆ ಸಿಕ್ಕುವ ಕಿರುನಿಘಂಟುಗಳಲ್ಲಿ ಈ ಪದದ ಎದುರಿಗೆ ಬಡ್ಡಿ, ಹಿತ, ಆಸಕ್ತಿ, ಸಂಬಂಧ, ಪಾಲು, ಸ್ವಾರಸ್ಯ ಎಂದು ಮುಂತಾಗಿ ಕೆಲವು ಕನ್ನಡ ಪದಗಳು ಸಾಲಾಗಿ ನಿಂತಿರುತ್ತವೆ. ಅವುಗಳ ನಡುವೆ ಇರುವುದು ಅಲ್ಪವಿರಾಮವೊಂದೇ. ಯಾವ ಪದವನ್ನು ಎಲ್ಲಿ ಎತ್ತಿಕೊಳ್ಳಬೇಕು, ಎಲ್ಲಿ ಮುಟ್ಟಬಾರದು ಎಂಬುದನ್ನು ಆ ಅಲ್ಪವಿರಾಮವು ಹೇಳಲಾರದು.

ಈ ಬರಹಗಾರನು ಹೊಟ್ಟೆಪಾಡಿಗೆ ಬ್ಯಾಂಕಿನ ಅಧಿಕಾರಿ. ಮುಂಬಯಿಯಲ್ಲಿ ನೆಲಸಿ ಬಹುಕಾಲವಾಯಿತು. ಪ್ರಕೃತ ಲೇಖನಕ್ಕೆ ಪ್ರೇರಣೆಯಾದುದು ಗ್ರಂಥಾಲಯದಲ್ಲಿ ಹುಟ್ಟಿದ ಜಿಜ್ಞಾಸೆಯಲ್ಲ. ನನ್ನ ಕೈಯಿಂದಲೇ ಆದ ಒಂದು ತಪ್ಪು. ಅದನ್ನು ಮೊದಲು ಒಪ್ಪಿಕೊಂಡು ಮುಂದುವರಿಯುವುದೇ ಉಚಿತವೆಂದು ತೋರುತ್ತದೆ.

ಕೆಲವು ವರ್ಷಗಳ ಹಿಂದೆ ಕನ್ನಡವನ್ನಷ್ಟೇ ಓದಬಲ್ಲ ಗಿರಾಕಿಗಳಿಗಾಗಿ ಅಡಮಾನಪತ್ರದ ಸಾರಾಂಶವೊಂದನ್ನು ಸಿದ್ಧಪಡಿಸುವ ಕೆಲಸ ನನಗೆ ಬಂದಿತ್ತು. ಕಿರಿಯ ಸಹೋದ್ಯೋಗಿಯೊಬ್ಬರು ಮಾಡಿದ ಕರಡಿನಲ್ಲಿ ಅಡಮಾನವೆಂದರೆ ಸ್ಥಿರಾಸ್ತಿಯಲ್ಲಿರುವ ‘ಹಿತ’ದ ವರ್ಗಾವಣೆ ಎಂದಿತ್ತು. ಮನೆಯ ಹಿತವನ್ನು ವರ್ಗಾಯಿಸುವುದೆಂದರೇನೆಂದು ನನಗೆ ತೋರದೆ, ಮುಂದಿನ ಸಾಲಿನಲ್ಲಿ ಅದೇ ಇಂಗ್ಲಿಷ್ ಪದಕ್ಕೆ ‘ಬಡ್ಡಿ’ ಎಂದು ಇದ್ದುದನ್ನು ಕಂಡು, ಪಾರಿಭಾಷಿಕ ಪದಗಳಲ್ಲಿ ಏಕರೂಪತೆ ಇರಬೇಕೆಂಬ ನಿಯಮವನ್ನು ನೆನೆದು, ‘ಹಿತ’ವನ್ನು ಹೊಡೆದುಹಾಕಿ ‘ಬಡ್ಡಿ’ ಎಂದು ತಿದ್ದಿದೆ. ಅಷ್ಟಕ್ಕೆ ಕೆಲಸ ಮುಗಿಯಿತೆಂದು ಭಾವಿಸಿದೆ.

ಆ ಪತ್ರವನ್ನು ಮೊದಲು ಓದಿದವರು ವಿಜಯಪುರ ಜಿಲ್ಲೆಯಿಂದ ಬಂದ ಒಬ್ಬ ವಯಸ್ಸಾದ ಹೆಣ್ಣುಮಗಳು. ಮಗನ ವರ್ಕ್‌ಶಾಪಿಗೆ ಸಾಲ ಬೇಕಾಗಿದ್ದಿತು. ಊರಲ್ಲಿದ್ದ ಮನೆ ಆಕೆಯ ಹೆಸರಿನಲ್ಲಿತ್ತು. ಆಕೆ ಕಾಗದವನ್ನು ಒಂದೊಂದೇ ಅಕ್ಷರವಾಗಿ ಕೂಡಿಸಿ ಓದಿ, ತಲೆಯೆತ್ತಿ ಕೇಳಿದಳು: “ಅಲ್ರೀ ಸಾಹೇಬ್ರ, ಇದ್ರಾಗ ಮನಿ ಬಡ್ಡಿ ನಿಮಗ ಕೊಡ್ತೀನಿ ಅಂತ ಐತಿ. ನಮ್ಮ ಮನಿಗೆ ಬಡ್ಡಿ ಎಲ್ಲಿಂದ ಬರಬೇಕ್ರಿ? ಮನ್ಯಾಗ ನಾವ ಇರ್ತೀವಿ, ಬಾಡಗಿಗೂ ಕೊಟ್ಟಿಲ್ಲ.”

ನಾನು ಮೂಲವನ್ನು ತೆಗೆದು ನೋಡಿ, ಅಲ್ಲಿ ಹೇಳಿರುವುದು ಬಡ್ಡಿಯ ಮಾತಲ್ಲ, ಮನೆಯ ಮೇಲಿನ ಹಕ್ಕಿನ ಮಾತು ಎಂದು ವಿವರಿಸಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾರ ಸಾಲ ತೀರಲಿಲ್ಲಂದ್ರ ಮನಿ ಹೋಗತೈತಿ ಅನ್ರಿ” ಎಂದಳು. ಹೌದೆಂದೆ. ಆಕೆ ಕಾಗದವನ್ನು ಮಡಚಿ ಮೇಜಿನ ಮೇಲಿಟ್ಟು, ಮಗನನ್ನು ಕರೆದುಕೊಂಡು ಹೊರಟುಹೋದಳು. ನನ್ನ ಏಕರೂಪತೆಯ ನಿಯಮವು ಆ ದಿನ ಒಂದು ಮನೆಯನ್ನು ನುಂಗುವುದರಲ್ಲಿದ್ದಿತು.

೨

ಹಾಗಾದರೆ ಈ ಒಂದು ಪದದೊಳಗೆ ಇಷ್ಟು ದೂರದೂರದ ಅರ್ಥಗಳು ಹೇಗೆ ಬಂದು ಸೇರಿದುವು? ಇದಕ್ಕೆ ಉತ್ತರವು ಲ್ಯಾಟಿನ್ ಭಾಷೆಯಲ್ಲಿದೆ. ಅಲ್ಲಿ ‘ಇಂತೆರ್’ ಎಂದರೆ ನಡುವೆ. ‘ಎಸ್ಸೆ’ ಎಂದರೆ ಇರುವುದು. ‘ಇಂತೆರೆಸ್ಸೆ’ ಎಂದರೆ ನಡುವೆ ಇರುವುದು. ಅದರಿಂದ ವ್ಯತ್ಯಾಸವಾಗುವುದು, ಒಬ್ಬನಿಗೆ ಸಂಬಂಧಪಟ್ಟಿರುವುದು ಎಂಬ ಅರ್ಥಗಳು ಬೆಳೆದುವು. ರೋಮನ್ ನ್ಯಾಯಶಾಸ್ತ್ರದಲ್ಲಿ ಇದೇ ಕ್ರಿಯಾಪದವನ್ನು ನಷ್ಟಪರಿಹಾರದ ಲೆಕ್ಕಕ್ಕೆ ಬಳಸಿದರು. ಕರಾರು ಸರಿಯಾಗಿ ನಡೆದಿದ್ದರೆ ಒಬ್ಬನ ಸ್ಥಿತಿ ಹೇಗಿರುತ್ತಿತ್ತು, ನಡೆಯದೆ ಹೋದುದರಿಂದ ಈಗ ಹೇಗಿದೆ, ಈ ಎರಡರ ನಡುವೆ ಇರುವ ಅಂತರವೇ ಆತನಿಗೆ ಸಲ್ಲಬೇಕಾದ ಪರಿಹಾರ.

ಮಧ್ಯಯುಗದ ಕ್ರೈಸ್ತ ಧರ್ಮಪೀಠವು ಸಾಲದ ಮೇಲೆ ಲಾಭ ಪಡೆಯುವುದನ್ನು ಪಾಪವೆಂದು ಪರಿಗಣಿಸಿತ್ತು. ಹಣದ ಬಳಕೆಗಾಗಿ ತೆರುವ ಆ ಲಾಭಕ್ಕೆ ‘ಉಸೂರ’ ಎಂದು ಹೆಸರು. ೧೧೭೯ರಲ್ಲಿ ಸೇರಿದ ಮೂರನೆಯ ಲ್ಯಾಟರನ್ ಧರ್ಮಸಭೆಯು ಬಡ್ಡಿಕೋರರನ್ನು ಕಟುವಾಗಿ ಖಂಡಿಸಿತು. ಆದರೆ ಸಾಲಗಾರನು ಗಡುವು ಮೀರಿದ್ದರಿಂದ ಧನಿಕನಿಗೆ ನಷ್ಟವುಂಟಾದರೆ ಆ ನಷ್ಟವನ್ನು ತುಂಬಿಕೊಡುವುದು ನ್ಯಾಯವೆಂದು ಧರ್ಮಶಾಸ್ತ್ರಜ್ಞರು ಒಪ್ಪಿದರು. ಈ ಪರಿಹಾರಕ್ಕೆ ರೋಮನ್ ನ್ಯಾಯದ ಹಳೆಯ ಪದವಾದ ‘ಇಂತೆರೆಸ್ಸೆ’ಯೇ ಹೆಸರಾಯಿತು. ಪಾಪದ ಹೆಸರೊಂದು, ನ್ಯಾಯದ ಹೆಸರೊಂದು. ಕೊಡುವ ಹಣ ಮಾತ್ರ ಬಹುಮಟ್ಟಿಗೆ ಅದೇ. ವ್ಯಾಪಾರವು ಬೆಳೆದಂತೆ ಎರಡನೆಯ ಹೆಸರು ಮೊದಲನೆಯದರ ಸ್ಥಾನವನ್ನು ಆಕ್ರಮಿಸಿತು. ಇಂಗ್ಲೆಂಡಿನಲ್ಲಿ ಎಂಟನೆಯ ಹೆನ್ರಿಯ ಕಾಲದಲ್ಲಿ, ೧೫೪೫ರ ಶಾಸನದ ಮೂಲಕ, ನೂರಕ್ಕೆ ಹತ್ತರವರೆಗೆ ಬಡ್ಡಿಗೆ ಅವಕಾಶ ದೊರೆಯಿತು. ೧೫೫೨ರಲ್ಲಿ ಅದು ರದ್ದಾಗಿ ೧೫೭೧ರಲ್ಲಿ ಮತ್ತೆ ಜಾರಿಗೆ ಬಂದಿತು. ಇಂದು ಇಂಗ್ಲಿಷಿನಲ್ಲಿ ‘ಯೂಸುರಿ’ ಎಂದರೆ ಸುಲಿಗೆಯ ಬಡ್ಡಿ. ‘ಇಂಟರೆಸ್ಟ್’ ಎಂದರೆ ಸಭ್ಯವಾದ ಬಡ್ಡಿ.

ಇದರ ಜೊತೆಗೆ ಆಸ್ತಿಯಲ್ಲಿರುವ ಹಕ್ಕು ಅಥವಾ ಪಾಲು ಎಂಬ ಅರ್ಥವೂ, ಒಬ್ಬನಿಗೆ ಲಾಭಕರವಾದುದು ಎಂಬ ಅರ್ಥವೂ ಬೆಳೆದುವು. ಹದಿನೆಂಟನೆಯ ಶತಮಾನದ ಇಂಗ್ಲಿಷಿನಲ್ಲಿ ಇನ್ನೊಂದು ಅರ್ಥವೂ ಬಳಕೆಯಲ್ಲಿದ್ದಿತು. ದೊಡ್ಡವರ ಬಳಿ ಇರುವ ಪ್ರಭಾವ, ನಮ್ಮ ಆಡುಮಾತಿನಲ್ಲಿ ಹೇಳುವುದಾದರೆ ವಶೀಲಿ. ಅಂದಿನ ಕಾದಂಬರಿಗಳಲ್ಲಿ ಒಬ್ಬ ಪಾದ್ರಿಗೆ ‘ಇಂಟರೆಸ್ಟ್’ ಇದೆಯೆಂದರೆ ಅವನಿಗೆ ದೇವರಲ್ಲಿ ಆಸಕ್ತಿಯಿದೆ ಎಂದಲ್ಲ, ಅಧಿಕಾರಸ್ಥರಲ್ಲಿ ವಶೀಲಿ ಇದೆ ಎಂದು ಅರ್ಥವಾಗಬಹುದು. ಮನಸ್ಸಿನ ಕುತೂಹಲ, ಒಲವು ಎಂಬ ಅರ್ಥ, ಅಂದರೆ ನಾವು ಇಂದು ಮೊದಲು ನೆನೆಯುವ ಅರ್ಥವು, ಇವೆಲ್ಲಕ್ಕೂ ಕಿರಿಯದು. ಅದೂ ಹದಿನೆಂಟನೆಯ ಶತಮಾನದಲ್ಲಿಯೇ ರೂಢಿಗೆ ಬಂದಿತು.

ಅಂತು ಬಡ್ಡಿ ಹಳೆಯದು, ಆಸಕ್ತಿ ಹೊಸದು. ಎಲ್ಲ ಅರ್ಥಗಳಿಗೂ ಸಮಾನವಾದ ಬೀಜ ಒಂದೇ: ಎರಡರ ನಡುವೆ ಏನೋ ಒಂದು ನಿಂತಿದೆ. ಆ ನಿಂತಿರುವುದು ಏನೆಂಬುದನ್ನು ಇಂಗ್ಲಿಷು ಪ್ರತಿಸಲವೂ ಬಿಡಿಸಿ ಹೇಳುವುದಿಲ್ಲ. ಕನ್ನಡವು ಬಿಡಿಸಿ ಹೇಳುತ್ತದೆ. ಈ ಲೇಖನದ ಮುಖ್ಯ ಪ್ರತಿಪಾದನೆ ಇಷ್ಟೇ.

೩

ಮೊದಲು ಬಡ್ಡಿಯನ್ನು ತೆಗೆದುಕೊಳ್ಳೋಣ. ಕನ್ನಡದ ‘ಬಡ್ಡಿ’ಯು ಸಂಸ್ಕೃತದ ‘ವೃದ್ಧಿ’ಯಿಂದ ಬಂದ ತದ್ಭವ. ತಮಿಳಿನ ‘ವಟ್ಟಿ’, ತೆಲುಗಿನ ‘ವಡ್ಡಿ’ಗಳೂ ಇದರ ದಾಯಾದಿಗಳೇ. ಲ್ಯಾಟಿನ್ ಪದವು ಧನಿಕನ ನಷ್ಟವನ್ನು ನೋಡಿದರೆ, ನಮ್ಮ ಪದವು ಹಣದ ಬೆಳವಣಿಗೆಯನ್ನು ನೋಡುತ್ತದೆ. ಗ್ರೀಕರು ಬಡ್ಡಿಯನ್ನು ‘ತೊಕೊಸ್’ ಎಂದು ಕರೆದರು. ಅದಕ್ಕೆ ಸಂತಾನ, ಮರಿ ಎಂದೂ ಅರ್ಥ. ಹಣವು ಹಣವನ್ನು ಈಯುವುದು ಪ್ರಕೃತಿಗೆ ವಿರುದ್ಧವೆಂದು ಅರಿಸ್ಟಾಟಲನು ಆಕ್ಷೇಪಿಸಿದ್ದು ಈ ಪದವನ್ನು ಹಿಡಿದುಕೊಂಡೇ. ಅರಬ್ಬಿಯ ‘ರಿಬಾ’ ಎಂಬುದಕ್ಕೂ ಹೆಚ್ಚಳವೆಂದೇ ಮೂಲಾರ್ಥ.

ನಮ್ಮ ಹಳ್ಳಿಗರು ‘ಅಸಲು, ಬಡ್ಡಿ’ ಎಂದು ಒಟ್ಟಿಗೆ ಹೇಳುವ ಜೋಡಿಯನ್ನು ಸ್ವಲ್ಪ ಗಮನಿಸಬೇಕು. ‘ಅಸಲು’ ಅರಬ್ಬಿಯಿಂದ ಬಂದುದು. ಅಲ್ಲಿ ಅದಕ್ಕೆ ಬೇರು ಎಂದರ್ಥ. ಸಂಸ್ಕೃತದ ‘ಮೂಲಧನ’ದಲ್ಲಿಯೂ ಇರುವುದು ಬೇರೇ. ಬೇರು ಅರಬ್ಬಿಯದು, ಬೆಳವಣಿಗೆ ಸಂಸ್ಕೃತದ್ದು. ಎರಡನ್ನೂ ಕಸಿಮಾಡಿ ಒಂದೇ ಗಿಡವಾಗಿಸಿದವನು ಕನ್ನಡದ ರೈತ. ಯಾವ ಪಾರಿಭಾಷಿಕ ಪದಸಮಿತಿಯೂ ಇಷ್ಟು ಸಮಂಜಸವಾದ ಜೋಡಿಯನ್ನು ಕಟ್ಟಿಕೊಟ್ಟಿರಲಾರದು.

ಹೆಸರು ಬೆಳವಣಿಗೆಯದಾದರೂ ನಮ್ಮ ಹಿರಿಯರು ಅದರ ಅಪಾಯವನ್ನು ಅರಿಯದವರಾಗಿರಲಿಲ್ಲ. ಮನುಸ್ಮೃತಿಯು ಚಕ್ರವೃದ್ಧಿ, ಕಾಲವೃದ್ಧಿ, ಕಾರಿತೆ, ಕಾಯಿಕೆ ಎಂದು ವೃದ್ಧಿಯ ಭೇದಗಳನ್ನು ಹೇಳುತ್ತದೆ. ಒಮ್ಮೆಗೇ ವಸೂಲು ಮಾಡುವ ವೃದ್ಧಿಯು ಅಸಲಿನ ಇಮ್ಮಡಿಯನ್ನು ದಾಟಬಾರದೆಂದು ಮಿತಿಯನ್ನೂ ಹಾಕುತ್ತದೆ. ಮುಂಬಯಿ ಪ್ರಾಂತದ ನ್ಯಾಯಾಲಯಗಳಲ್ಲಿ ‘ದಾಮ್‌ದುಪಟ್’ ಎಂಬ ಹೆಸರಿನಿಂದ ಮನ್ನಣೆ ಪಡೆದ ನಿಯಮವು ಇದರ ಸಂತತಿಯೇ. ಬಾಕಿ ಬಡ್ಡಿಯು ಅಸಲಿಗಿಂತ ಹೆಚ್ಚಾಗಕೂಡದೆಂಬುದು ಅದರ ಸಾರ. ಇನ್ನೊಂದು ಕಡೆ, ನಮ್ಮ ಶಾಸನಗಳಲ್ಲಿ ದೇವಾಲಯದ ನಂದಾದೀವಿಗೆಗಾಗಿ ಹೊನ್ನನ್ನು ಮುಡಿಪಾಗಿ ಇಟ್ಟು, ಅಸಲನ್ನು ಮುಟ್ಟದೆ ಅದರ ಬಡ್ಡಿಯಿಂದಲೇ ಎಣ್ಣೆಯನ್ನು ಒದಗಿಸುವ ಕಟ್ಟಳೆಗಳು ಕಾಣಸಿಗುತ್ತವೆ. ಆರದ ದೀಪಕ್ಕೆ ಅಳಿಯದ ಅಸಲು. ಬಡ್ಡಿಯೆಂಬ ಪದವು ಕನ್ನಡದಲ್ಲಿ ಬರಿಯ ಬೈಗುಳಾಗದೆ ಉಳಿದುದಕ್ಕೆ ಇಂತಹ ಬಳಕೆಯೂ ಒಂದು ಕಾರಣವಿರಬಹುದು.

ಮುಂಬಯಿ, ಪುಣೆಗಳ ಕನ್ನಡಿಗರಿಗೆ ಪರಿಚಿತವಾದ ಮರಾಠಿಯಲ್ಲಿ ಬಡ್ಡಿಗೆ ‘ವ್ಯಾಜ’ ಎನ್ನುತ್ತಾರೆ. ಕನ್ನಡ ಓದುಗನಿಗೆ ಇದು ಒಂದು ಕ್ಷಣ ನಗೆ ತರಿಸುತ್ತದೆ. ಏಕೆಂದರೆ ಸಂಸ್ಕೃತದಲ್ಲಿಯೂ ಕನ್ನಡದಲ್ಲಿಯೂ ವ್ಯಾಜವೆಂದರೆ ನೆಪ, ಕಪಟ. ಪ್ರೀತಿಗೆ ‘ನಿರ್ವ್ಯಾಜ’ವೆಂಬ ವಿಶೇಷಣವನ್ನು ಹಚ್ಚುವ ನಾವು ಅದನ್ನು ಮರಾಠಿಯ ಕಿವಿಯಿಂದ ಕೇಳಿದರೆ ಅದು ಬಡ್ಡಿಯಿಲ್ಲದ ಪ್ರೀತಿಯಾಗುತ್ತದೆ. ಅರ್ಥವೇನೂ ಕೆಡುವುದಿಲ್ಲವೆಂಬುದೇ ಇಲ್ಲಿಯ ಸೋಜಿಗ.

೪

ಎರಡನೆಯದಾಗಿ, ಹಕ್ಕು ಮತ್ತು ಹಿತ. ನನ್ನ ತಪ್ಪು ನಡೆದುದು ಇಲ್ಲಿಯೇ. ೧೮೮೨ರ ಸ್ವತ್ತು ವರ್ಗಾವಣೆ ಅಧಿನಿಯಮದ ೫೮ನೆಯ ಪ್ರಕರಣವು ಅಡಮಾನವನ್ನು ನಿರೂಪಿಸುವಾಗ, ಮುಂಗಡವಾಗಿ ಕೊಟ್ಟ ಹಣದ ಮರುಪಾವತಿಗೆ ಭದ್ರತೆಯಾಗಿ ಗೊತ್ತಾದ ಸ್ಥಿರಾಸ್ತಿಯೊಂದರಲ್ಲಿನ ‘ಇಂಟರೆಸ್ಟ್’ ಅನ್ನು ವರ್ಗಾಯಿಸುವುದೆನ್ನುತ್ತದೆ. ಅದೇ ಖಂಡದಲ್ಲಿ, ಕೆಲವೇ ಸಾಲುಗಳ ಕೆಳಗೆ, ಅಸಲು ಹಣವೂ ಅದರ ‘ಇಂಟರೆಸ್ಟ್’ ಸಹ ಸೇರಿ ಅಡಮಾನದ ಹಣವೆನಿಸುತ್ತದೆ ಎಂದೂ ಹೇಳುತ್ತದೆ. ಮೊದಲನೆಯದು ಮನುಷ್ಯನಿಗೂ ಮನೆಗೂ ನಡುವೆ ನಿಂತ ಹಕ್ಕು. ಎರಡನೆಯದು ಕೊಟ್ಟವನಿಗೂ ಕೊಂಡವನಿಗೂ ನಡುವೆ ನಿಂತ ಹಣ. ಇಂಗ್ಲಿಷ್ ಬಲ್ಲ ವಕೀಲನ ಕಣ್ಣು ಸಂದರ್ಭದಿಂದಲೇ ಎರಡನ್ನೂ ಬೇರ್ಪಡಿಸಿಕೊಳ್ಳುತ್ತದೆ. ಕನ್ನಡದಲ್ಲಿ ಎರಡು ಕಡೆಯೂ ಒಂದೇ ಪದವನ್ನಿಟ್ಟರೆ ಓದುಗನಿಗೆ ಆ ಅನುಕೂಲವಿಲ್ಲ. ಏಕೆಂದರೆ ನಮ್ಮ ಬಡ್ಡಿಗೆ ಹಕ್ಕೆಂಬ ಅರ್ಥವೇ ಇಲ್ಲ.

ಇದೇ ಪ್ರಕರಣದಲ್ಲಿ ಬರುವ ಭೋಗ್ಯದ ಅಡಮಾನದಲ್ಲಿ ಸಾಲ ಕೊಟ್ಟವನು ಆಸ್ತಿಯನ್ನು ವಶಕ್ಕೆ ತೆಗೆದುಕೊಂಡು ಅದರ ಉತ್ಪನ್ನವನ್ನು ಬಡ್ಡಿಯ ಬದಲಿಗೆ ಅನುಭವಿಸುವುದುಂಟು. ಒತ್ತೆ, ಅಡವು, ಭೋಗ್ಯ ಎಂಬ ಭೇದಗಳನ್ನು ನಮ್ಮ ಜನ ಕಾಯಿದೆ ಬರುವ ಮೊದಲಿನಿಂದಲೂ ಬಲ್ಲರು. ಆ ಹೆಣ್ಣುಮಗಳು ನನ್ನ ಕಾಗದದಲ್ಲಿ ತಪ್ಪನ್ನು ಕಂಡುಹಿಡಿದುದು ಈ ತಿಳಿವಳಿಕೆಯ ಬಲದಿಂದಲೇ. ಮನೆಯಿಂದ ಬಡ್ಡಿ ಬರಬೇಕಾದರೆ ಅದು ಬಾಡಿಗೆಗೆ ಇರಬೇಕು, ಇಲ್ಲವೇ ಭೋಗ್ಯಕ್ಕೆ ಹೋಗಬೇಕು. ಎರಡೂ ಇಲ್ಲದಿದ್ದರೆ ಬರೆದುದೇ ತಪ್ಪೆಂದು ಆಕೆಗೆ ಹೊಳೆಯಿತು.

ಇನ್ನು ‘ಹಿತ’. ಒಬ್ಬನಿಗೆ ಒಳ್ಳೆಯದಾದುದು, ಅವನಿಗೆ ಒಗ್ಗುವುದು ಹಿತ. ಇದು ಅಚ್ಚುಕಟ್ಟಾದ ಪದ. ಆದರೆ ಈಚಿನ ದಶಕಗಳಲ್ಲಿ ‘ಹಿತಾಸಕ್ತಿ’ ಎಂಬ ಜೋಡುಪದವು ಎಲ್ಲೆಡೆಯೂ ಹಬ್ಬಿದೆ. ಇಂಗ್ಲಿಷ್ ಪದಕ್ಕೆ ಹಿತವೆಂದೂ ಆಸಕ್ತಿಯೆಂದೂ ಎರಡರ್ಥಗಳಿವೆಯಲ್ಲವೇ, ಎರಡನ್ನೂ ಅಂಟಿಸಿಬಿಟ್ಟರೆ ಯಾವುದೂ ತಪ್ಪಿಹೋಗುವುದಿಲ್ಲವೆಂಬ ಧೈರ್ಯದಿಂದ ಹುಟ್ಟಿದ ಪದವಿದು ಎಂದು ತೋರುತ್ತದೆ. ‘ಸಾರ್ವಜನಿಕ ಹಿತಾಸಕ್ತಿ’ ಎನ್ನುವಾಗ ಬೇಕಾಗಿರುವುದು ಸಾರ್ವಜನಿಕ ಹಿತವಷ್ಟೇ. ಸಾರ್ವಜನಿಕರಿಗೆ ಅದರಲ್ಲಿ ಆಸಕ್ತಿ ಇದ್ದರೂ ಇಲ್ಲದಿದ್ದರೂ ನ್ಯಾಯಾಲಯವು ಅದನ್ನು ಪರಿಗಣಿಸುತ್ತದೆ. ‘ಹಿತಾಸಕ್ತಿ ಸಂಘರ್ಷ’ ಎನ್ನುವಲ್ಲಿ ಹೇಳಬೇಕಾದುದು ಅಧಿಕಾರಿಯ ಸ್ವಹಿತಕ್ಕೂ ಕರ್ತವ್ಯಕ್ಕೂ ಬಂದ ಘರ್ಷಣೆ. ತಮ್ಮ ಬಂಧುವಿನ ಸಾಲದ ಅರ್ಜಿಯು ತಮ್ಮ ಮೇಜಿಗೇ ಬಂದಾಗ ನಮ್ಮಂಥವರು ಎದ್ದು ಹೊರಗೆ ನಡೆಯಬೇಕಾದುದು ಇದಕ್ಕಾಗಿ.

‘ಪಟ್ಟಭದ್ರ ಹಿತಾಸಕ್ತಿ’ಯ ಕಥೆ ಇನ್ನೂ ವಿಚಿತ್ರವಾದುದು. ರಾಜಕೀಯದ ಮಾತಿನಲ್ಲಿ ಇದು ಸೊಗಸಾದ ಸೃಷ್ಟಿ. ಪಟ್ಟವೇರಿ ಭದ್ರವಾಗಿ ಕುಳಿತ ಸ್ವಾರ್ಥವೆಂಬ ಕುಟುಕು ಇದರಲ್ಲಿದೆ. ಆದರೆ ಇದೇ ಇಂಗ್ಲಿಷ್ ಪದವು ಮೇಲೆ ಹೇಳಿದ ಅಧಿನಿಯಮದ ೧೯ನೆಯ ಪ್ರಕರಣದಲ್ಲಿ ಯಾವ ನಿಂದೆಯೂ ಇಲ್ಲದೆ ಬರುತ್ತದೆ. ಅಲ್ಲಿ ಅದಕ್ಕೆ, ಒಬ್ಬನಿಗೆ ಈಗಾಗಲೇ ಸಂದಿರುವ ಹಕ್ಕು ಎಂದರ್ಥ. ಆಸ್ತಿಯು ಕೈಗೆ ಬರುವ ಮೊದಲೇ ಅವನು ತೀರಿಕೊಂಡರೂ ಆ ಹಕ್ಕು ನಾಶವಾಗದೆ ವಾರಸುದಾರರಿಗೆ ಹೋಗುತ್ತದೆ. ತಂದೆಯಿಲ್ಲದ ಎಳೆಯ ಮಗುವಿಗೆ ಅಜ್ಜನು ಬರೆದಿಟ್ಟ ಹೊಲದಲ್ಲಿರುವ ಹಕ್ಕನ್ನು ‘ಪಟ್ಟಭದ್ರ ಹಿತಾಸಕ್ತಿ’ ಎಂದು ಬರೆಯುವ ಭಾಷಾಂತರಕಾರನು ಆ ಮಗುವಿಗೆ ಅನ್ಯಾಯ ಮಾಡುತ್ತಾನೆ. ಅದನ್ನು ‘ಸಂದ ಹಕ್ಕು’ ಎಂದರೆ ಸಾಕು. ೨೧ನೆಯ ಪ್ರಕರಣದಲ್ಲಿ ಬರುವ, ಒಂದು ಘಟನೆಯನ್ನು ಅವಲಂಬಿಸಿದ ಹಕ್ಕನ್ನು ‘ಸಲ್ಲಬಹುದಾದ ಹಕ್ಕು’ ಎನ್ನಬಹುದು.

ವಿಮೆಯ ಶಾಸ್ತ್ರದಲ್ಲಿ ಬರುವ ಬಳಕೆಯೊಂದನ್ನು ಹೇಳಿ ಈ ಭಾಗವನ್ನು ಮುಗಿಸುತ್ತೇನೆ. ತನಗೆ ಯಾವ ಸಂಬಂಧವೂ ಇಲ್ಲದವರ ಜೀವದ ಮೇಲೆ ವಿಮೆ ಇಳಿಸಿ, ಅವರ ಸಾವನ್ನೇ ಜೂಜಿನ ದಾಳವಾಗಿಸುವುದನ್ನು ತಡೆಯಲು ಬ್ರಿಟನ್ನಿನಲ್ಲಿ ೧೭೭೪ರಲ್ಲಿ ಒಂದು ಶಾಸನವಾಯಿತು. ವಿಮೆ ಇಳಿಸುವವನಿಗೆ ಆ ಜೀವದಲ್ಲಿ ‘ಇಂಟರೆಸ್ಟ್’ ಇರಬೇಕೆಂದು ಅದು ವಿಧಿಸಿತು. ನಮ್ಮ ೧೯೬೩ರ ನೌಕಾವಿಮೆಯ ಅಧಿನಿಯಮವೂ ಸರಕು, ಹಡಗುಗಳ ವಿಷಯದಲ್ಲಿ ಇದೇ ತತ್ತ್ವವನ್ನು ನಿರೂಪಿಸಿದೆ. ಇದನ್ನು ‘ವಿಮಾ ಆಸಕ್ತಿ’ ಎಂದು ಕನ್ನಡಿಸಿದರೆ ಅರ್ಥವು ತಲೆಕೆಳಗಾಗುತ್ತದೆ. ನೆರೆಮನೆಯವನ ಸಾವಿನಲ್ಲಿ ಜೂಜುಗಾರನಿಗೆ ಇದ್ದುದು ಆಸಕ್ತಿಯೇ. ಶಾಸನವು ಹೊರಹಾಕಿದುದೂ ಅದನ್ನೇ. ಬೇಕಾಗಿರುವುದು ಆ ಜೀವವಾಗಲಿ ಸರಕಾಗಲಿ ಉಳಿದರೆ ತನಗೆ ಲಾಭ, ಅಳಿದರೆ ತನಗೆ ನಷ್ಟ ಎಂಬ ಬಾಧ್ಯತೆಯ ಸಂಬಂಧ. ನ್ಯಾಯಾಲಯದ ‘ಇಂಟರೆಸ್ಟೆಡ್’ ಸಾಕ್ಷಿಯೂ ಹೀಗೆಯೇ. ಅವನು ಆಸಕ್ತ ಸಾಕ್ಷಿಯಲ್ಲ. ತೀರ್ಪಿನಲ್ಲಿ ಸ್ವಹಿತವುಳ್ಳ ಸಾಕ್ಷಿ.

೫

ಮೂರನೆಯದಾಗಿ ಆಸಕ್ತಿ. ಸಂಸ್ಕೃತದಲ್ಲಿ ಇದರ ಮೂಲಧಾತುವಿಗೆ ಅಂಟಿಕೊಳ್ಳುವುದೆಂದು ಅರ್ಥ. ಆದುದರಿಂದಲೇ ಭಗವದ್ಗೀತೆಯ ಉಪದೇಶದಲ್ಲಿ ಆಸಕ್ತಿಯು ಬಿಡಬೇಕಾದ ದೋಷ. ಅಸಕ್ತನಾಗಿ ಕರ್ಮವನ್ನು ಮಾಡುವವನೇ ಶ್ರೇಷ್ಠ. ಇಂದಿನ ಕನ್ನಡದಲ್ಲಿ ಆಸಕ್ತಿಯು ಗುಣವಾಗಿದೆ. ‘ಆಸಕ್ತರು ಅರ್ಜಿ ಸಲ್ಲಿಸಬಹುದು’ ಎಂಬ ಪ್ರಕಟನೆಯನ್ನು ಗೀತೆಯ ಭಾಷೆಯಲ್ಲಿ ಓದಿದರೆ ಅದು ಸಂಸಾರದಲ್ಲಿ ಅಂಟಿಕೊಂಡವರಿಗೆ ಕೊಟ್ಟ ಆಹ್ವಾನವಾಗುತ್ತದೆ.

ಅರ್ಥಗಳು ಬದಲಾಗುವುದು ಭಾಷೆಯ ಧರ್ಮ, ಅದಕ್ಕಾಗಿ ಕೊರಗಬೇಕಾಗಿಲ್ಲ. ಆದರೆ ಈ ಬದಲಾವಣೆಯಲ್ಲಿ ಕನ್ನಡವು ಬೆಲೆಬಾಳುವ ಒಂದು ಭೇದವನ್ನು ಕಳೆದುಕೊಳ್ಳುತ್ತಿದೆ. ಗಾಂಧೀಜಿಯವರು ಗೀತೆಗೆ ಮಾಡಿದ ಗುಜರಾತಿ ಅನುವಾದವು ೧೯೩೦ರಲ್ಲಿ ‘ಅನಾಸಕ್ತಿಯೋಗ’ವೆಂಬ ಹೆಸರಿನಿಂದ ಪ್ರಕಟವಾಯಿತು. ಅಲ್ಲಿಯ ಅನಾಸಕ್ತಿಯು ಫಲದಲ್ಲಿ ಸ್ವಾರ್ಥವಿಲ್ಲದ ತೀವ್ರ ಕರ್ಮಶೀಲತೆ. ಇಂದಿನ ಕನ್ನಡ ಪತ್ರಿಕೆಯೊಂದರಲ್ಲಿ ‘ಮತದಾರರ ಅನಾಸಕ್ತಿ’ ಎಂದು ಓದಿದಾಗ ನಮಗೆ ತೋರುವುದು ಉದಾಸೀನ, ಮೈಗಳ್ಳತನ. ಒಂದೇ ಪದವು ಯೋಗಿಗೂ ಸೋಮಾರಿಗೂ ಸಲ್ಲತೊಡಗಿದೆ.

ಇಂಗ್ಲಿಷಿನಲ್ಲಿಯೂ ಇದೇ ಕಲಹವಿದೆಯೆಂಬುದನ್ನು ಇಲ್ಲಿ ನೆನೆಯಬಹುದು. ‘ಡಿಸ್‌ಇಂಟರೆಸ್ಟೆಡ್’ ಎಂದರೆ ಸ್ವಾರ್ಥವಿಲ್ಲದ, ನಿಷ್ಪಕ್ಷಪಾತಿಯಾದ. ‘ಅನ್‌ಇಂಟರೆಸ್ಟೆಡ್’ ಎಂದರೆ ಆಸಕ್ತಿಯಿಲ್ಲದ. ಜನಬಳಕೆಯಲ್ಲಿ ಎರಡೂ ಬೆರೆಯುತ್ತಿವೆಯೆಂದು ಅಲ್ಲಿಯ ವಿದ್ವಾಂಸರು ಆಗಾಗ ಆಕ್ಷೇಪಿಸುತ್ತಾರೆ. ಸಾಹಿತ್ಯ ವಿಮರ್ಶೆಗೆ ಈ ಭೇದವು ಅತ್ಯಗತ್ಯವಾದುದು. ೧೭೯೦ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಕಾಂಟನು ಸೌಂದರ್ಯಾನುಭವವನ್ನು ಸ್ವಾರ್ಥದ ಸೋಂಕಿಲ್ಲದ ಸಂತೋಷವೆಂದು ನಿರೂಪಿಸಿದನು. ಮ್ಯಾಥ್ಯೂ ಆರ್ನಲ್ಡನು ೧೮೬೪ರ ಪ್ರಬಂಧದಲ್ಲಿ ಇದೇ ಗುಣವನ್ನು ವಿಮರ್ಶಕನಿಗೆ ನಿಯಮವಾಗಿ ವಿಧಿಸಿದನು. ಇವರ ಮಾತನ್ನು ‘ವಿಮರ್ಶಕನು ಅನಾಸಕ್ತನಾಗಿರಬೇಕು’ ಎಂದು ಕನ್ನಡದಲ್ಲಿ ಓದಿದ ಇಂದಿನ ವಿದ್ಯಾರ್ಥಿಯು, ವಿಮರ್ಶಕನಿಗೆ ಪುಸ್ತಕದಲ್ಲಿ ಆಸಕ್ತಿ ಇರಕೂಡದೆಂದು ತಿಳಿದರೆ ತಪ್ಪು ಯಾರದು?

ಪರಿಹಾರವು ದೂರದಲ್ಲಿಲ್ಲ. ನಮ್ಮಲ್ಲಿ ‘ಅನಾಸಕ್ತಿ’, ‘ನಿರಾಸಕ್ತಿ’ ಎಂಬ ಎರಡು ಪದಗಳು ಈಗಾಗಲೇ ಇವೆ. ಉದಾಸೀನಕ್ಕೆ ನಿರಾಸಕ್ತಿಯನ್ನೂ, ಸ್ವಾರ್ಥರಾಹಿತ್ಯಕ್ಕೆ ಅನಾಸಕ್ತಿಯನ್ನೂ ಮೀಸಲಿಟ್ಟರೆ, ಇಂಗ್ಲಿಷಿನವರು ಕಾಪಾಡಿಕೊಳ್ಳಲು ಹೆಣಗುತ್ತಿರುವ ಭೇದವು ನಮಗೆ ಅನಾಯಾಸವಾಗಿ ಉಳಿಯುತ್ತದೆ.

ಮನಸ್ಸಿನ ಒಲವನ್ನು ಹೇಳುವ ಇತರ ಪದಗಳಲ್ಲಿಯೂ ಸೂಕ್ಷ್ಮಭೇದಗಳಿವೆ. ಹೊರನಾಡಿನಲ್ಲಿರುವ ನಾವು ನೆರೆಭಾಷೆಗಳ ನಡುವೆ ಬಾಳುವುದರಿಂದ ಅವು ನಮಗೆ ಬೇಗ ಗೋಚರಿಸುತ್ತವೆ. ಮರಾಠಿಗನು ತನಗೆ ಒಂದು ವಿಷಯದಲ್ಲಿ ‘ಸ್ವಾರಸ್ಯ’ವಿದೆ ಎನ್ನುತ್ತಾನೆ, ಅಲ್ಲಿ ಸ್ವಾರಸ್ಯವು ಮನುಷ್ಯನಲ್ಲಿದೆ. ಕನ್ನಡಿಗನು ಕಥೆಯು ‘ಸ್ವಾರಸ್ಯ’ವಾಗಿದೆ ಎನ್ನುತ್ತಾನೆ, ಇಲ್ಲಿ ಅದು ಕಥೆಯಲ್ಲಿದೆ. ಹಿಂದಿಯಲ್ಲಿ ‘ಆಸ್ಥಾ’ ಎಂದರೆ ಶ್ರದ್ಧೆ, ನಂಬಿಕೆ; ಕನ್ನಡದ ‘ಆಸ್ಥೆ’ಯಲ್ಲಿ ಕಾಳಜಿಯೂ ಜತನವೂ ಇವೆ. ಆಸಕ್ತಿಯಿರುವವನು ವಿಚಾರಿಸುತ್ತಾನೆ; ಆಸ್ಥೆಯಿರುವವನು ನೋಡಿಕೊಳ್ಳುತ್ತಾನೆ. ಚೆನ್ನೈಯ ಕನ್ನಡಿಗರು ದಿನವೂ ಕೇಳುವ ತಮಿಳಿನ ‘ಅಕ್ಕರೈ’ ಎಂದರೆ ಕಾಳಜಿ, ಲಕ್ಷ್ಯ. ಹೈದರಾಬಾದಿನವರು ಕೇಳುವ ತೆಲುಗಿನ ‘ಅಕ್ಕರ’ ಎಂದರೆ ಅಗತ್ಯ. ನಮ್ಮ ‘ಅಕ್ಕರೆ’ಯಾದರೋ ಪ್ರೀತಿ. ಒಂದೇ ಕುಟುಂಬದ ಈ ಮೂರು ಪದಗಳನ್ನು ಸಾಲಾಗಿಟ್ಟು ನೋಡಿದರೆ, ಬೇಕೆಂಬುದರಿಂದ ಕಾಳಜಿಗೆ, ಕಾಳಜಿಯಿಂದ ಪ್ರೀತಿಗೆ ಹೋಗುವ ದಾರಿ ಕಣ್ಣಿಗೆ ಕಟ್ಟುತ್ತದೆ. ಇನ್ನು ‘ಗೊಡವೆ’ ಎಂಬ ಅಚ್ಚಗನ್ನಡ ಪದವು ಬಹುಮಟ್ಟಿಗೆ ನಿಷೇಧದಲ್ಲಿಯೇ ಬಾಳುತ್ತದೆ. ‘ಅವರ ಗೊಡವೆ ನಮಗೆ ಬೇಡ’ ಎನ್ನುವಾಗ ನಾವು ದೂರವಿಡುವುದು ಈ ‘ನಡುವೆ ಇರುವುದನ್ನೇ’.

೬

ಸಮಾನಾರ್ಥಕ ಪದಗಳೆಂದರೆ ಒಂದರ ಬದಲಿಗೆ ಇನ್ನೊಂದನ್ನು ಇಡಬಹುದಾದ ನಾಣ್ಯಗಳಲ್ಲ. ಇದಕ್ಕೆ ಷೇಕ್ಸ್‌ಪಿಯರನ ‘ವೆನಿಸ್ಸಿನ ವರ್ತಕ’ ನಾಟಕದ ಮೊದಲ ಅಂಕದ ಮೂರನೆಯ ದೃಶ್ಯವೇ ಸಾಕ್ಷಿ. ಅಲ್ಲಿ ಸಾಲದ ಮೇಲಿನ ಲಾಭಕ್ಕೆ ಅನೇಕ ಹೆಸರುಗಳು ಬರುತ್ತವೆ. ಶೈಲಾಕನು ಅದನ್ನು ಹಣದ ಬಳಕೆಯ ಬೆಲೆ ಎನ್ನುತ್ತಾನೆ, ಅನುಕೂಲವೆನ್ನುತ್ತಾನೆ, ತಾನು ಹೊಟ್ಟೆಬಟ್ಟೆ ಕಟ್ಟಿ ನ್ಯಾಯವಾಗಿ ಗಳಿಸಿದ್ದು ಎನ್ನುತ್ತಾನೆ. ಆಂಟೋನಿಯೋ ಅದನ್ನು ಮಿತಿಮೀರಿದ ಹೆಚ್ಚುವರಿ ಎನ್ನುತ್ತಾನೆ. ತನ್ನ ಗಳಿಕೆಯನ್ನು ಆಂಟೋನಿಯೋ ‘ಇಂಟರೆಸ್ಟ್’ ಎಂದು ಕರೆಯುತ್ತಾನಲ್ಲ ಎಂಬುದು ಶೈಲಾಕನ ಎದೆಯೊಳಗಿನ ಕುದಿತಗಳಲ್ಲೊಂದು. ಅಂದರೆ ಇಬ್ಬರ ಜಗಳವೂ ಹಣಕ್ಕಿಂತ ಮೊದಲು ಹೆಸರಿನಲ್ಲಿಯೇ ಆರಂಭವಾಗಿದೆ. ಕನ್ನಡಿಸುವವನು ಈ ಎಲ್ಲ ಕಡೆಗಳಲ್ಲಿಯೂ ‘ಬಡ್ಡಿ’ ಎಂದೇ ಬರೆದರೆ ಕಥೆಯೇನೋ ಉಳಿದೀತು, ಜಗಳ ಉಳಿಯಲಾರದು.

ನಮ್ಮ ಪ್ರಾಚೀನ ಕೋಶಕಾರರಿಗೆ ಈ ಎರಡು ಸಮಸ್ಯೆಗಳು ಬೇರೆಬೇರೆ ಎಂಬುದು ಗೊತ್ತಿದ್ದಿತು. ಅಮರಸಿಂಹನು ತನ್ನ ಕೋಶದ ಬಹುಭಾಗವನ್ನು ಒಂದು ಅರ್ಥಕ್ಕೆ ಹಲವು ಪದಗಳೆಂಬ ಕ್ರಮದಲ್ಲಿ ವರ್ಗಗಳಾಗಿ ವಿಂಗಡಿಸಿ, ಒಂದು ಪದಕ್ಕೆ ಹಲವು ಅರ್ಥಗಳಿರುವುದನ್ನು ಮೂರನೆಯ ಕಾಂಡದ ನಾನಾರ್ಥವರ್ಗದಲ್ಲಿ ಪ್ರತ್ಯೇಕವಾಗಿಟ್ಟನು. ಇಂಗ್ಲಿಷಿನಲ್ಲಿ ಪದಗಳನ್ನು ಅಕಾರಾದಿಯಾಗಿ ಜೋಡಿಸದೆ ಭಾವಕ್ಕನುಗುಣವಾಗಿ ಜೋಡಿಸಿದ ರೋಜೆಯ ಪ್ರಸಿದ್ಧ ಕೋಶವು ಬಂದುದು ೧೮೫೨ರಲ್ಲಿ. ಅದಕ್ಕೂ ಮೊದಲು ೧೭೫೫ರಲ್ಲಿ ಜಾನ್ಸನ್ನನು ತನ್ನ ನಿಘಂಟಿನಲ್ಲಿ ಒಂದೊಂದು ಪದದ ಅರ್ಥಗಳನ್ನು ಎಣಿಸಿ, ಪ್ರತಿಯೊಂದಕ್ಕೂ ಪ್ರಯೋಗವನ್ನು ಕೊಟ್ಟು ತೋರಿಸಿದ್ದನು. ಕನ್ನಡಕ್ಕೆ ೧೮೯೪ರ ಕಿಟ್ಟೆಲರ ಕೋಶವೂ, ೧೯೭೦ರಿಂದ ೧೯೯೫ರ ವರೆಗೆ ಎಂಟು ಸಂಪುಟಗಳಲ್ಲಿ ಹೊರಬಂದ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟೂ ಪ್ರಯೋಗಗಳ ಆಧಾರದ ಮೇಲೆ ನಿಂತ ಮಹಾಕೃತಿಗಳು. ಆದರೆ ಇವೆರಡೂ ಕನ್ನಡ ಪದದಿಂದ ಹೊರಡುವ ಕೋಶಗಳು. ಇಂಗ್ಲಿಷ್ ಪದದಿಂದ ಕನ್ನಡಕ್ಕೆ ಬರುವವನಿಗೆ ಮೈಸೂರು ವಿಶ್ವವಿದ್ಯಾನಿಲಯದ ೧೯೪೬ರ ನಿಘಂಟು ಮೊದಲಾದ ದೊಡ್ಡ ಗ್ರಂಥಗಳಿವೆಯಾದರೂ, ಕಚೇರಿಯ ಮೇಜಿನ ಮೇಲೆ ಇರುವುದು ಸಾಮಾನ್ಯವಾಗಿ ಅವುಗಳ ಸಾರವನ್ನು ಹಿಂಡಿದ ಕಿರುಹೊತ್ತಗೆ. ಹಿಂಡುವಾಗ ಮೊದಲು ಸೋರಿಹೋಗುವುದು ಪ್ರಯೋಗ, ಉಳಿಯುವುದು ಅಲ್ಪವಿರಾಮ.

ಆದುದರಿಂದ ವಿದ್ವಾಂಸರ ಮುಂದೆ ಒಂದು ಸಣ್ಣ ಸೂಚನೆಯನ್ನು ಇಡಬಯಸುತ್ತೇನೆ. ಇಂತಹ ಪದಗಳಿಗೆ ಅರ್ಥವನ್ನು ಕೊಡುವಾಗ, ಅದು ಯಾರ ಯಾರ ನಡುವಿನ ಸಂಬಂಧವೆಂಬುದನ್ನು ಮೊದಲು ಹೇಳಬೇಕು. ಇಬ್ಬರು ಮನುಷ್ಯರ ನಡುವೆ ಹಣವು ನಿಂತಿದ್ದರೆ ಬಡ್ಡಿ. ಮನುಷ್ಯನಿಗೂ ಆಸ್ತಿಗೂ ನಡುವೆ ನಿಂತಿದ್ದರೆ ಹಕ್ಕು ಅಥವಾ ಪಾಲು. ಮನುಷ್ಯನಿಗೂ ಅವನ ಒಳಿತಿಗೂ ನಡುವೆ ಹಿತ. ಮನುಷ್ಯನಿಗೂ ಅಧಿಕಾರಕ್ಕೂ ನಡುವೆ ವಶೀಲಿ. ಮನಸ್ಸಿಗೂ ವಿಷಯಕ್ಕೂ ನಡುವೆ ಆಸಕ್ತಿ. ವಿಷಯದಲ್ಲಿಯೇ ಇದ್ದು ಮನಸ್ಸನ್ನು ಸೆಳೆದರೆ ಸ್ವಾರಸ್ಯ. ಒಂದೊಂದಕ್ಕೂ ಒಂದು ಸರಳ ವಾಕ್ಯವನ್ನು ಜೊತೆಗಿಟ್ಟರೆ, ಎಲ್ಲಿ ಆ ಪದವನ್ನು ಬಳಸಬಾರದೆಂಬುದನ್ನೂ ಎರಡು ಮಾತಿನಲ್ಲಿ ಹೇಳಿದರೆ, ನನ್ನಂಥ ಅವಸರದವನ ಕೈಯನ್ನು ಅದು ತಡೆದೀತು. ಪುಸ್ತಕವು ಕೊಂಚ ದಪ್ಪವಾಗುತ್ತದೆ, ಆಗಲಿ.

ಇಂಗ್ಲಿಷು ಗೊಂದಲದ ಭಾಷೆ, ಕನ್ನಡವು ನಿಖರವಾದುದು ಎಂಬುದು ನನ್ನ ವಾದವೆಂದು ಯಾರೂ ಭಾವಿಸಬಾರದು. ನಮ್ಮಲ್ಲಿಯೂ ಇಂತಹ ಪದಗಳಿಗೆ ಕೊರತೆಯಿಲ್ಲ. ‘ಅರ್ಥ’ವನ್ನೇ ನೋಡಿರಿ. ಮಾತಿನ ಅಭಿಪ್ರಾಯವೂ ಅರ್ಥ, ಹಣವೂ ಅರ್ಥ, ಪುರುಷಾರ್ಥಗಳಲ್ಲೊಂದೂ ಅರ್ಥ. ಅಮರಕೋಶದ ವೈಶ್ಯವರ್ಗದಲ್ಲಿ ಬಡ್ಡಿಗೆ ಹಣ ಕೊಡುವ ವೃತ್ತಿಗೆ ‘ಕುಸೀದ’ದ ಜೊತೆಗೆ ‘ಅರ್ಥಪ್ರಯೋಗ’ವೆಂಬ ಹೆಸರೂ ಇದೆ. ಹಗಲು ಬ್ಯಾಂಕಿನಲ್ಲಿ ಒಂದು ಬಗೆಯ ಅರ್ಥಪ್ರಯೋಗವನ್ನೂ, ರಾತ್ರಿ ನಿಘಂಟುಗಳ ನಡುವೆ ಇನ್ನೊಂದು ಬಗೆಯ ಅರ್ಥಪ್ರಯೋಗವನ್ನೂ ಮಾಡುವ ನನ್ನಂಥವನಿಗೆ ಈ ಪದವು ಒಂದು ಎಚ್ಚರಿಕೆಯಾಗಿದೆ. ಒಂದರಲ್ಲಿ ಆದ ತಪ್ಪು ಇನ್ನೊಂದರಲ್ಲಿ ನಷ್ಟವಾಗಿ ಪರಿಣಮಿಸುತ್ತದೆ. ಆ ನಷ್ಟವನ್ನು ತೆರುವವನು ಹೆಚ್ಚಾಗಿ ತಪ್ಪು ಮಾಡಿದವನಲ್ಲ, ಕಾಗದವನ್ನು ನಂಬಿ ಹೆಬ್ಬೆಟ್ಟೊತ್ತುವವನು.

ಆ ಹೆಣ್ಣುಮಗಳು ಎರಡು ವಾರಗಳ ಮೇಲೆ ಮತ್ತೆ ಬಂದಳು. ಮನೆಯ ಕಾಗದಗಳನ್ನು ತಂದಿರಲಿಲ್ಲ. ತನ್ನ ನಾಲ್ಕು ಬಳೆಗಳನ್ನು ಮೇಜಿನ ಮೇಲಿಟ್ಟು, ಅವುಗಳ ಮೇಲೆ ಎಷ್ಟು ಸಾಲ ಸಿಕ್ಕೀತೆಂದು ಕೇಳಿದಳು. ಮಗನಿಗೆ ಬೇಕಾದುದರಲ್ಲಿ ಅರ್ಧದಷ್ಟು ಸಿಕ್ಕಿತು. ಸಹಿ ಮಾಡುವ ಮುನ್ನ ಈ ಸಲವೂ ಕಾಗದವನ್ನು ಪೂರ್ತಿ ಓದಿದಳು. ‘ಬಡ್ಡಿ’ ಎಂಬ ಪದ ಬಂದ ಕಡೆ ಬೆರಳನ್ನಿಟ್ಟು ನನ್ನ ಮುಖವನ್ನು ನೋಡಿದಳು. ಈ ಬಡ್ಡಿಯು ಬಡ್ಡಿಯೇ ಎಂದು ಹೇಳಿದ ಮೇಲೆ ಸಹಿ ಹಾಕಿದಳು.